ಊರಿನ ಹಳೆಯದನ್ನು ಹುಡುಕಲು ಯಾವ ನಕಾಶೆ? ಗ್ರಾಮ ನಕಾಶೆ, ದಿಶಾಂಕ್, ಟೋಪೋಶೀಟ್: ಮಲೆನಾಡಿನ ಮಟ್ಟಿಗೆ ಒಂದು ವಿಮರ್ಶೆ

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವುದೇ ಊರು ನೂರು ವರ್ಷದ ಹಿಂದೆ ಹೇಗಿತ್ತು ಎಂದು ತಿಳಿಯಬೇಕೆನ್ನುವವರಿಗೆ ಇವತ್ತು ದುಡ್ಡು ಕೊಡದೆ ಕೈಗೆ ಸಿಗುವ ನಕಾಶೆಗಳು ನಾಲ್ಕು: ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದ ಗ್ರಾಮ ನಕಾಶೆ, ನಿಂತ ಜಾಗದ ಸರ್ವೆ ನಂಬರು ತೋರಿಸುವ ಮೊಬೈಲಿನ ದಿಶಾಂಕ್ ಆ್ಯಪ್, ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ (ಗುಡ್ಡ, ಹಳ್ಳ, ದಾರಿ ತೋರಿಸುವ ಹಾಳೆ), ಅಮೆರಿಕದ ಸೇನೆ 1950ರ ದಶಕದಲ್ಲಿ ಅಚ್ಚು ಹಾಕಿಸಿದ ಯು502 ಸರಣಿ. ಇವುಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ಅನುಮಾನವೇ ಬೇಡ, ಗ್ರಾಮ ನಕಾಶೆ. ಉಳಿದ ಮೂರೂ ಅದರ ಪಕ್ಕದಲ್ಲಿಟ್ಟುಕೊಂಡಾಗ ಮಾತ್ರ ಮಾತಾಡುತ್ತವೆ. ಸಾಮಾನ್ಯವಾಗಿ ಜನ ಮಾಡುವುದು ಇದಕ್ಕೆ ಉಲ್ಟಾ. ಮೊದಲು ದಿಶಾಂಕ್ ಹಾಕಿಕೊಂಡು ತೋಟದಲ್ಲಿ ನಿಂತು ಗೆರೆ ನೋಡುತ್ತಾರೆ, ಗೆರೆ ಪಕ್ಕದವರ ಅಂಗಳದಲ್ಲಿ ಬಿದ್ದಿರುತ್ತದೆ, ಅಲ್ಲಿಗೆ ಹಳೆ ನಕಾಶೆಗಳ ಮೇಲಿನ ನಂಬಿಕೆಯೇ ಹೋಗುತ್ತದೆ.

ಗ್ರಾಮ ನಕಾಶೆ ಇಳಿಸಿಕೊಳ್ಳುವ ಕ್ರಮ ಸುಲಭ. ಜಾಲತಾಣದ ಕಂದಾಯ ನಕ್ಷೆಗಳ ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿ, ನಕ್ಷೆಯ ಬಗೆಯಲ್ಲಿ ಗ್ರಾಮ ನಕ್ಷೆ ಆರಿಸಿದರೆ ಪಟ್ಟಿ ಬರುತ್ತದೆ, ಊರಿನ ಎದುರಿನ ಪಿಡಿಎಫ್ ಒತ್ತಿದರಾಯಿತು. ತೊಡಕು ಬರುವುದು ಹೆಸರಿನಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಳ, ಲ ಒಂದೇ ಆಗುತ್ತವೆ, ದೀರ್ಘ ಹ್ರಸ್ವ ಕಾಣುವುದಿಲ್ಲ, ಮಲೆನಾಡಿನಲ್ಲಿ ಹೊಸೂರು, ಹೊಸಳ್ಳಿ, ಹೊಸಕೊಪ್ಪಗಳಿಗೆ ಬರವಿಲ್ಲ. ಅದಕ್ಕೇ ಹುಡುಕುವ ಮೊದಲು ಊರಿನ ಯಾವುದಾದರೂ ಒಂದು ಪಹಣಿ ತೆಗೆದು, ಅದರಲ್ಲಿರುವ ಹೋಬಳಿ ಮತ್ತು ಕಂದಾಯ ಗ್ರಾಮದ ಹೆಸರನ್ನು ಹಾಗೇ ಬರೆದುಕೊಳ್ಳಿ. ಬಾಯಲ್ಲಿ ಕರೆಯುವ ಊರು ಎಷ್ಟೋ ಸಲ ಕಂದಾಯ ಗ್ರಾಮವೇ ಆಗಿರುವುದಿಲ್ಲ, ಇನ್ನೊಂದಕ್ಕೆ ಸೇರಿದ ಉಪಗ್ರಾಮ, ಅಂದರೆ ಮಜರೆ, ಆಗಿರುತ್ತದೆ. ಪಕ್ಕದ ನಾಲ್ಕೈದು ಗ್ರಾಮಗಳದ್ದನ್ನೂ ಒಟ್ಟಿಗೇ ಇಳಿಸಿಕೊಳ್ಳಿ. ಕೆರೆ ಒಂದು ಗ್ರಾಮದಲ್ಲಿ, ಅದರ ನೀರುಣ್ಣುವ ಗದ್ದೆ ಮತ್ತೊಂದರಲ್ಲಿ ಇರುವುದು ಇಲ್ಲಿ ಮಾಮೂಲು.

ಈ ನಕಾಶೆಗಳ ಬಲ ಇರುವುದು ಅಳತೆಯಲ್ಲಿ. ಮೈಸೂರು ಸಂಸ್ಥಾನದಲ್ಲಿ 1860ರ ದಶಕದಲ್ಲಿ ಆರಂಭವಾದ ಕಂದಾಯ ಸರ್ವೆ ಮುಂಬೈ ಪದ್ಧತಿಯದ್ದು. 33 ಅಡಿಯ ಸರಪಳಿ, ಸರಪಳಿಗೆ 16 ಆಣೆ, ಅಂದರೆ ಆಣೆಗೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಒಂದು ಸರಪಳಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಗ್ರಾಮ ನಕಾಶೆಯ ಸಾಮಾನ್ಯ ಪ್ರಮಾಣ 1:7,920. ಈ ಸಂಖ್ಯೆ ವಿಚಿತ್ರವಾಗಿ ಕಂಡರೂ ಲೆಕ್ಕ ಬಲು ಸಲೀಸು: ಕಾಗದದ ಒಂದು ಇಂಚು ನೆಲದ ಮೇಲೆ 20 ಸರಪಳಿ, ಅಂದರೆ 660 ಅಡಿ. ಒಂದು ಚದರ ಇಂಚು ಸರಿಯಾಗಿ ಹತ್ತು ಎಕರೆ. ಅರ್ಧ ಮಿಲಿಮೀಟರಿನ ಪೆನ್ಸಿಲ್ ಗೆರೆಯೇ ನೆಲದಲ್ಲಿ 13 ಅಡಿ ಅಗಲ ಆಗುತ್ತದೆ ಎನ್ನುವುದನ್ನೂ ನೆನಪಿಟ್ಟುಕೊಂಡರೆ, ಈ ನಕಾಶೆಯಿಂದ ಏನು ಕೇಳಬಹುದು, ಏನು ಕೇಳಬಾರದು ಎರಡೂ ಗೊತ್ತಾಗುತ್ತದೆ. ಘಟ್ಟ ಇಳಿದು ಕುಂದಾಪುರ ಸೀಮೆಗೆ ಹೋದರೆ ಮದ್ರಾಸ್ ಪದ್ಧತಿ, ಅಲ್ಲಿ ಲೆಕ್ಕ ಸೆಂಟ್ಸಿನಲ್ಲಿ. ಗಡಿಯ ಊರುಗಳನ್ನು ನೋಡುವವರು ಎರಡನ್ನೂ ಬೆರೆಸಬಾರದು.

ಮುದ್ರಿಸುವಾಗ ಆಗುವ ಯಡವಟ್ಟು ಒಂದೇ, ಆದರೆ ಎಲ್ಲರಿಗೂ ಆಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಪಿಡಿಎಫ್ ಅನ್ನು ಹಾಳೆಗೆ ಹೊಂದಿಸಿ ಎಂಬ ಆಯ್ಕೆಯಲ್ಲೇ ಒತ್ತಿಬಿಡುತ್ತಾರೆ, ಪ್ರಮಾಣ ಕೆಡುತ್ತದೆ. ಅಸಲಿ ಅಳತೆ ಎಂದು ಹೇಳಿ ಒತ್ತಿಸಿ. ಕಟ್ಟಡದ ಪ್ಲಾನ್ ಮುದ್ರಿಸುವ ಪ್ಲಾಟರ್ ಇರುವ ಅಂಗಡಿ ಶಿವಮೊಗ್ಗದಂಥ ಊರಿನಲ್ಲಿ ಸಿಗುತ್ತದೆ, ಅಲ್ಲಿ ಎ1 ಅಥವಾ ಎ0 ಹಾಳೆಯೇ ಒಳ್ಳೆಯದು. ಬಂದ ಮೇಲೆ ನಕಾಶೆಯ ಪ್ರಮಾಣ ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ನೋಡಿ. ಇನ್ನೂ ಗಟ್ಟಿ ಪರೀಕ್ಷೆ ಬೇಕೆಂದರೆ, ಪಹಣಿಯಲ್ಲಿ ಸುಮಾರು ಇಪ್ಪತ್ತು ಎಕರೆ ಇರುವ ಒಂದು ಸರ್ವೆ ನಂಬರನ್ನು ಗ್ರಾಫ್ ಹಾಳೆಯ ಮೇಲೆ ಇಳಿಸಿ ಚೌಕ ಎಣಿಸಿ, ಎರಡು ಚದರ ಇಂಚು ಬರಬೇಕು. ಒಂದೂವರೆ ಬಂದರೆ ಹಾಳೆ ಕುಗ್ಗಿದೆ.

ಇನ್ನು ಓದುವ ವಿಷಯ. ನಕಾಶೆಯ ಚರಿತ್ರೆಯೆಲ್ಲ ಇರುವುದು ಸರ್ವೆ ನಂಬರುಗಳ ಸಾಲಿನಲ್ಲಿ. ಮೊದಲ ಅಳತೆಯಲ್ಲಿ ನಂಬರುಗಳು ಒಂದು ಮೂಲೆಯಿಂದ ಹೊರಟು ಪಕ್ಕದಿಂದ ಪಕ್ಕಕ್ಕೆ ಹಾವಿನಂತೆ ಸಾಗುತ್ತವೆ. 14ರ ಮಗ್ಗುಲಲ್ಲಿ 15, ಅದರ ಮಗ್ಗುಲಲ್ಲಿ 16. ಹೀಗೆ ಹೋಗುತ್ತಿರುವಾಗ 15 ಮತ್ತು 16ರ ಹಿಂದಿನ ಗುಡ್ಡದಲ್ಲಿ ಥಟ್ಟನೆ 93 ಕಂಡಿತು ಅನ್ನಿ. ಅದು ಮೂಲ ಅಳತೆಯದ್ದಲ್ಲ. ಸರ್ಕಾರಿ ಜಮೀನಿನ ದೊಡ್ಡ ನಂಬರಿನಿಂದ ದರಖಾಸ್ತಿನಲ್ಲಿ (ಸಾಗುವಳಿಗೆ ಕೋರಿದ ಅರ್ಜಿಯ ಮೇಲೆ) ಮಂಜೂರಾಗಿ, ಪೋಡಿಯಾಗಿ (ಅಳೆದು ಬೇರೆ ತುಂಡಾಗಿ), ಊರಿನ ಕೊನೆಯ ನಂಬರಿನ ಮುಂದಿನ ಅಂಕಿ ಪಡೆದ ತುಂಡು ಅದು. ಇಂಥ ಸಾಲು ತಪ್ಪಿದ ನಂಬರುಗಳಿಗೆಲ್ಲ ಒಂದು ಬಣ್ಣ ಹಚ್ಚಿ. ಊರು ಯಾವ ದಿಕ್ಕಿಗೆ ಬೆಳೆಯಿತು, ಯಾವ ಗುಡ್ಡ ಯಾವಾಗ ಕೃಷಿಗೆ ಬಂತು ಎನ್ನುವುದು ಹಾಳೆಯ ಮೇಲೆ ಎದ್ದು ಬರುತ್ತದೆ. ಮಂಜೂರಾತಿಯ ವರ್ಷ ಬೇಕಾದರೆ ಆ ನಂಬರಿನ ಹಳೆ ಮ್ಯುಟೇಶನ್ ದಾಖಲೆ ನೋಡಬೇಕು. ನಕಾಶೆ ವರ್ಷ ಹೇಳುವುದಿಲ್ಲ, ಮೊದಲು ಯಾವುದು ಆಮೇಲೆ ಯಾವುದು ಎಂದಷ್ಟೇ ಹೇಳುತ್ತದೆ.

ಆಕಾರವೂ ಮಾತಾಡುತ್ತದೆ. ಹಳ್ಳದ ಗುಂಟ ಉದ್ದುದ್ದಕ್ಕೆ, ಸಣ್ಣಸಣ್ಣಗೆ ಒತ್ತೊತ್ತಾಗಿರುವ ನಂಬರುಗಳು ಗದ್ದೆ ಮತ್ತು ತೋಟ, ದಾಖಲೆಯ ಮಾತಿನಲ್ಲಿ ತರಿ ಮತ್ತು ಬಾಗಾಯ್ತು. ಅದರ ಮೇಲಂಚಿನಲ್ಲಿ ಮಕ್ಕಿ (ಮಳೆ ನಂಬಿದ ಎತ್ತರದ ಗದ್ದೆ), ಹಕ್ಕಲು (ಒಣ ನೆಲ). ಅದಕ್ಕೂ ಮೇಲೆ ಇಡೀ ಗುಡ್ಡಕ್ಕೆ ಒಂದೇ ನಂಬರು ಇದ್ದರೆ ಅದು ಕಾನೋ (ದಟ್ಟ ಕಾಡು), ಗೋಮಾಳವೋ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟವೋ ಎನ್ನುವುದನ್ನು ನಕಾಶೆಯಿಂದ ಊಹಿಸಬೇಡಿ. ಅದಕ್ಕೆ ಆಕಾರಬಂದ್ ಬೇಕು. ಪ್ರತಿ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯ ಎಲ್ಲ ಅದರಲ್ಲಿರುತ್ತದೆ. ಖರಾಬಿನಲ್ಲೂ ಎ ಮತ್ತು ಬಿ ಎಂದು ಎರಡು. ಬಂಡೆ, ಗುಂಡಿಯಂಥ ಸಾಗುವಳಿಗೆ ಬಾರದ ನೆಲ ಎ ಖರಾಬು. ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಬಳಕೆಯದ್ದು ಬಿ ಖರಾಬು. ಊರಿನ ಹಳೆಯದನ್ನು ಹುಡುಕುವವರಿಗೆ ಬಿ ಖರಾಬಿನ ಕಲಮು ಚಿನ್ನದ ಗಣಿ. ಈಗ ಅಡಿಕೆ ತೋಟವಾಗಿರುವ ನಂಬರಿನಲ್ಲಿ ಎಂಟು ಗುಂಟೆ ಬಿ ಖರಾಬು ಇದೆ ಎಂದರೆ ಅಲ್ಲೊಂದು ದಾರಿ ಹಾದಿತ್ತು, ಇಲ್ಲವೇ ನೀರು ನಿಂತಿತ್ತು.

ಬಯಲುಸೀಮೆಯ ನಕಾಶೆ ಓದಿ ಅಭ್ಯಾಸವಿರುವವರು ಇಲ್ಲಿ ಒಂದು ಕಡೆ ಎಡವುತ್ತಾರೆ. ಅಲ್ಲಿ ಊರೆಂದರೆ ನಡುವೆ ಮನೆಗಳೆಲ್ಲ ಸೇರಿರುವ ದೊಡ್ಡ ಗ್ರಾಮಠಾಣ, ಸುತ್ತ ಹೊಲ. ಮಲೆನಾಡಿನಲ್ಲಿ ಮನೆ ಇರುವುದು ಅವರವರ ತೋಟದ ತಲೆಯಲ್ಲಿ, ಒಂದರಿಂದ ಇನ್ನೊಂದಕ್ಕೆ ಅರ್ಧ ಮೈಲಿ. ಹಾಗಾಗಿ ಗ್ರಾಮಠಾಣ ಅಂಗೈಯಷ್ಟಿರುತ್ತದೆ ಅಥವಾ ಇರುವುದೇ ಇಲ್ಲ. ಒಂಟಿ ಮನೆಗಳನ್ನು ಕೆಲವು ನಕಾಶೆಗಳಲ್ಲಿ ಗುರುತು ಹಾಕಿರುತ್ತಾರೆ, ಬಹಳಷ್ಟರಲ್ಲಿ ಇಲ್ಲ. ಗ್ರಾಮಠಾಣ ಇಲ್ಲ ಎಂದು ಜನವೇ ಇರಲಿಲ್ಲ ಎನ್ನುವ ತೀರ್ಮಾನಕ್ಕೆ ಬರಬೇಡಿ.

ನಿಜವಾಗಿ ಜನ ಬಿಟ್ಟುಹೋದ ಊರಿಗೆ ಕಂದಾಯ ದಾಖಲೆಯಲ್ಲಿ ಬೇರೆಯೇ ಹಣೆಪಟ್ಟಿ ಇದೆ, ಬೇಚರಾಕ್. ಶಿವಮೊಗ್ಗ ಜಿಲ್ಲೆಯ ಗ್ರಾಮ ಪಟ್ಟಿಯಲ್ಲಿ ಇಂಥವು ಬೇಕಾದಷ್ಟಿವೆ. ಮಲೇರಿಯಾ ಮಲೆನಾಡನ್ನು ದಶಕಗಟ್ಟಲೆ ಹಿಂಡಿದ್ದು ಇದಕ್ಕೆ ಒಂದು ಕಾರಣ, ಬೇಸಾಯಕ್ಕೆ ಕೈ ಸಾಲದೆ ಹೋದದ್ದು ಇನ್ನೊಂದು. ಬೇಚರಾಕ್ ಗ್ರಾಮದ ನಕಾಶೆ ಹುಡುಕಾಟಕ್ಕೆ ಎಲ್ಲಕ್ಕಿಂತ ಒಳ್ಳೆಯ ಮಾಲು. ಮೇಲೆ ಹೊಸ ಪೋಡಿಗಳ ಗಲಾಟೆ ಕಡಿಮೆ, ಮೂಲ ನಂಬರುಗಳು ಹಾಗೇ ಉಳಿದಿರುತ್ತವೆ. ಕಣಿವೆಗೆ ಅಡ್ಡವಾಗಿ ಒಂದು ದಪ್ಪ ಗೆರೆ, ಅದರ ಮೇಲ್ಭಾಗದಲ್ಲಿ ಕಂದಾಯವಿಲ್ಲದ ಒಂದು ನಂಬರು, ಕೆಳಗಡೆ ಬೀಸಣಿಗೆಯ ಹಾಗೆ ಹರಡಿದ ಸಣ್ಣ ತುಂಡುಗಳು ಕಂಡರೆ ಅದು ಕೆರೆ, ಏರಿ, ಅಚ್ಚುಕಟ್ಟು. ಬೀಸಣಿಗೆಯ ಹಿಡಿ ಕೂಡುವ ಜಾಗವೇ ತೂಬು. ಇಂದು ಅಲ್ಲಿ ಬರೀ ಅಕೇಶಿಯಾ ಇದ್ದರೂ ಏರಿಯ ದಿಬ್ಬ ನೆಲದಲ್ಲಿ ಸಿಕ್ಕೇ ಸಿಗುತ್ತದೆ, ಮಣ್ಣು ಅಷ್ಟು ಸುಲಭಕ್ಕೆ ಕರಗುವುದಿಲ್ಲ.

ಕೊರತೆಗಳೂ ಇವೆ. ಇವು ಅಕ್ಷಾಂಶ ರೇಖಾಂಶ ಇಲ್ಲದ ನಕಾಶೆಗಳು. ಎತ್ತರದ ಗೆರೆ ಇಲ್ಲ, ಗದ್ದೆ ಗುಡ್ಡ ಒಂದೇ ಸಮತಟ್ಟಾಗಿ ಕಾಣುತ್ತದೆ. ಸ್ಕ್ಯಾನ್ ಮಾಡಿದ ಮೂಲ ಹಾಳೆ ಮಡಿಕೆಯಲ್ಲಿ ಹರಿದಿದ್ದರೆ ಆ ಸಾಲಿನ ನಂಬರು ಓದಲಾಗುವುದಿಲ್ಲ, 3 ಮತ್ತು 8 ಒಂದೇ ಥರ ಕಾಣುತ್ತವೆ. ಆಗ ಎರಡೂ ಮಗ್ಗುಲಿನ ನಂಬರು ನೋಡಿ ಊಹಿಸಿ, ಆಕಾರಬಂದಿನ ವಿಸ್ತೀರ್ಣದೊಂದಿಗೆ ತಾಳೆ ನೋಡಬೇಕು. ದೊಡ್ಡ ಗ್ರಾಮ ಎರಡು ಮೂರು ಹಾಳೆಯಲ್ಲಿ ಹಂಚಿಹೋಗಿದ್ದರೆ ಅಂಚು ಕೂಡಿಸುವುದು ಪ್ರತ್ಯೇಕ ಕೆಲಸ. ಅಳತೆಯ ವರ್ಷ ಮತ್ತು ಮುದ್ರಣದ ವರ್ಷ ಎರಡೂ ಮೂಲೆಯಲ್ಲಿ ಇದ್ದರೆ ಬೇರೆಬೇರೆಯಾಗಿ ಬರೆದುಕೊಳ್ಳಿ. ಮುದ್ರಣದ ವರ್ಷವನ್ನೇ ನಕಾಶೆಯ ವಯಸ್ಸು ಎಂದುಕೊಂಡರೆ ಮುಂದಿನ ಲೆಕ್ಕವೆಲ್ಲ ಅಡ್ಡದಾರಿ ಹಿಡಿಯುತ್ತದೆ.

ದಿಶಾಂಕ್ ವಿಷಯಕ್ಕೆ ಬಂದರೆ, ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ತಯಾರಿಸಿದ ಈ ಆ್ಯಪ್ ಇದೇ ಗ್ರಾಮ ನಕಾಶೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ, ನಿಂತ ಜಾಗದ ಸರ್ವೆ ನಂಬರು ಹೇಳುತ್ತದೆ. ಕೆಲಸ ಮೆಚ್ಚುವಂಥದ್ದೇ. ಹಳೆಯ ಕಾಗದದ ನಕಾಶೆ ಇಂದಿನ ನೆಲದ ಮೇಲೆ ಎಲ್ಲಿ ಬರುತ್ತದೆ ಎಂದು ಒಂದು ನಿಮಿಷದಲ್ಲಿ ಅಂದಾಜು ಸಿಗುತ್ತದೆ. ಅಂದಾಜು ಅಷ್ಟೇ. ಸರಪಳಿ ಹಿಡಿದು ಗುಡ್ಡ ಹತ್ತಿ ಅಳೆದ ನಕಾಶೆಯನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಬಯಲಿಗಿಂತ ಮಲೆನಾಡಿನಲ್ಲಿ ಜರುಗು ಜಾಸ್ತಿ. ಅದರ ಮೇಲೆ ಅಡಿಕೆ ತೋಟದ ಸೋಗೆಯ ಕೆಳಗೆ, ಕಾನಿನೊಳಗೆ ಮೊಬೈಲಿನ ಜಿಪಿಎಸ್ ತಾನೇ ಹತ್ತು ಹದಿನೈದು ಮೀಟರ್ ಅಲೆದಾಡುತ್ತದೆ. ಎರಡೂ ಸೇರಿದರೆ ನೀವು 41ರಲ್ಲಿ ನಿಂತಿರುವಾಗ ಆ್ಯಪ್ 42 ಅನ್ನುತ್ತದೆ. ಇದಕ್ಕೆ ಮದ್ದು ಇಷ್ಟೆ: ಊರಿನಲ್ಲಿ ಅನುಮಾನವಿಲ್ಲದ ಒಂದು ಗುರುತಿನ ಬಳಿ, ಕೆರೆ ಏರಿಯ ತುದಿಯೋ ಗಡಿಕಲ್ಲೋ ಆದೀತು, ಮೊದಲು ನಿಂತು ಗೆರೆ ಎಷ್ಟು, ಯಾವ ಕಡೆಗೆ ಸರಿದಿದೆ ನೋಡಿ. ಆ ಸುತ್ತಮುತ್ತ ಅಷ್ಟನ್ನೇ ಮನಸ್ಸಿನಲ್ಲಿ ಕಳೆಯುತ್ತ ಹೋಗಿ. ಊರಿನ ಇನ್ನೊಂದು ತುದಿಗೆ ಹೋದಾಗ ಮತ್ತೆ ನೋಡಬೇಕು, ಸರಿತ ಎಲ್ಲ ಕಡೆ ಒಂದೇ ಇರುವುದಿಲ್ಲ. ನೆಟ್‌ವರ್ಕ್ ಇಲ್ಲದ ಕಣಿವೆಗೆ ಹೋಗುವ ಮುಂಚೆ ಬೇಕಾದ ಭಾಗದ ಸ್ಕ್ರೀನ್‌ಶಾಟ್ ತೆಗೆದುಕೊಂಡಿರಿ.

ಟೋಪೋಶೀಟಿನ ಪಾತ್ರ ಬೇರೆ. ಗ್ರಾಮ ನಕಾಶೆಗೆ ಗಡಿ ಗೊತ್ತು, ಗುಡ್ಡ ಗೊತ್ತಿಲ್ಲ. ಟೋಪೋಶೀಟಿಗೆ ಗುಡ್ಡ, ಹಳ್ಳ, ದಾರಿ, ಹೆಸರು ಗೊತ್ತು, ಯಾರ ಗದ್ದೆ ಎಲ್ಲಿಗೆ ಮುಗಿಯಿತು ಗೊತ್ತಿಲ್ಲ. ಹಳೆಯವು ಇಂಚಿಗೆ ಮೈಲಿ, ಅಂದರೆ 1:63,360. ಮೆಟ್ರಿಕ್ ಬಂದ ಮೇಲಿನವು 1:50,000. ನಮ್ಮ ಶಿವಮೊಗ್ಗ ಜಿಲ್ಲೆ ಬರುವುದು 48ನೇ ಹಾಳೆಯಲ್ಲಿ. ಸೊರಬ 48 ಎನ್/3, ಸಾಗರ 48 ಎನ್/4, ಶಿಕಾರಿಪುರ 48 ಎನ್/7, ಹೊಸನಗರ 48 ಓ/1, ತೀರ್ಥಹಳ್ಳಿ 48 ಓ/2, ಶಿವಮೊಗ್ಗ ಪಟ್ಟಣ 48 ಓ/9. ಜೋಗದ ಕಡೆಗೆ 48 ಜೆ, ಕೊಡಚಾದ್ರಿಗೆ 48 ಕೆ. ಸರ್ವೆ ಆಫ್ ಇಂಡಿಯಾದ ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಓಪನ್ ಸೀರೀಸ್ ಹಾಳೆಗಳು ಪಿಡಿಎಫ್ ಆಗಿ ಸಿಗುತ್ತವೆ. ಅವುಗಳ ಸಂಖ್ಯಾಕ್ರಮ ಬೇರೆ, ಕೋಷ್ಟಕ ನೋಡಿ ಹೊಂದಿಸಿಕೊಳ್ಳಬೇಕು. ಇದು ಹೊಸ ಆವೃತ್ತಿ ಎನ್ನುವುದು ಮರೆಯಬೇಡಿ. ಹಳೆಯ ಇಂಚಿನ ಹಾಳೆ ಬೇಕೆಂದರೆ ವಿಶ್ವವಿದ್ಯಾಲಯಗಳ ಭೂಗೋಳ ವಿಭಾಗ, ಹಳೆ ಗ್ರಂಥಾಲಯಗಳ ನಕಾಶೆ ಬೀರು ತಡಕಬೇಕು.

ಆ ಹಾಳೆ ಸಿಕ್ಕಿದರೆ ಮೊದಲು ಸಂಕೇತಗಳ ಪಟ್ಟಿ ನೋಡಿ. ಜನವಿರುವ ಊರು, ಪಾಳುಬಿದ್ದ ಊರು, ಕೋಟೆ ಮೂರಕ್ಕೂ ಬೇರೆ ಬೇರೆ ಗುರುತಿದೆ. ಪ್ರಾಚೀನ ಅವಶೇಷಕ್ಕೆ, ದೇವಸ್ಥಾನಕ್ಕೆ, ಗೋರಿಗೆ ತಮ್ಮದೇ ಗುರುತುಗಳು. ಕಾಡಿನ ನಡುವೆ ಪಾಳು ಊರಿನ ಗುರುತು, ಅದೇ ಜಾಗದ ಗ್ರಾಮ ನಕಾಶೆಯಲ್ಲಿ ಬೇಚರಾಕ್: ಎರಡೂ ಕೂಡಿದರೆ ಹೋಗಿ ನೋಡಲೇಬೇಕಾದ ಜಾಗ. ಚುಕ್ಕಿಗೆರೆಯ ಕಾಲುದಾರಿಗಳ ಮೇಲೂ ಕಣ್ಣಿಡಿ. ಇಂದಿನ ಡಾಂಬರು ರಸ್ತೆ ಸುತ್ತಿ ಹೋಗುವ ಕಡೆ ಹಳೆಯ ದಾರಿ ಸೀದಾ ಗುಡ್ಡ ಹತ್ತಿ ಇಳಿದಿರುತ್ತದೆ, ಸಂತೆಗೆ, ಘಟ್ಟದ ಕಣಿವೆಗೆ, ಇಕ್ಕೇರಿ ಮತ್ತು ನಗರ (ಬಿದನೂರು) ಎಂಬ ಊರುಗಳ ಕಡೆಗೆ.

ಯು502 ಸರಣಿ 1:2,50,000 ಪ್ರಮಾಣದ್ದು. ಟೆಕ್ಸಾಸ್ ವಿಶ್ವವಿದ್ಯಾಲಯದ ಪೆರಿ-ಕ್ಯಾಸ್ಟನೆಡಾ ಗ್ರಂಥಾಲಯದ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಒಂದು ಮಿಲಿಮೀಟರಿಗೆ 250 ಮೀಟರ್, ಹಾಗಾಗಿ ಒಂದೊಂದು ಊರಿನ ವಿವರಕ್ಕೆ ಪ್ರಯೋಜನ ಕಡಿಮೆ. ಆದರೆ ಶರಾವತಿ ಕಣಿವೆಯವರಿಗೆ ಇದನ್ನು ಬಿಟ್ಟರಾಗದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಈ ನಕಾಶೆ ಅದಕ್ಕೂ ಹಿಂದಿನದು, ಈಗ ನೀರಿನಡಿ ಇರುವ ನೆಲದ ದಾರಿ, ಹೊಳೆಯ ಓಟ, ಊರಿನ ಹೆಸರು ಇದರಲ್ಲಿವೆ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಟೋಪೋಶೀಟಿನಲ್ಲಿ ಆ ಎತ್ತರದ ಅಂದಾಜು ಗೆರೆ ಹಿಡಿದರೆ ಯಾವುದು ಮುಳುಗಿತು, ಯಾವುದು ನಡುಗಡ್ಡೆಯಾಯಿತು ತಿಳಿಯುತ್ತದೆ. ಬೇಸಿಗೆಯ ಕೊನೆಗೆ ನೀರು ಇಳಿದಾಗ ಹಿರೇಭಾಸ್ಕರದ ಹಳೆ ಅಣೆಕಟ್ಟು ಎದ್ದು ನಿಲ್ಲುತ್ತದಲ್ಲ, ನಕಾಶೆ ಹೊಂದಿಸಲು ಅದಕ್ಕಿಂತ ಗಟ್ಟಿ ಗುರುತು ಆ ಕಡೆ ಬೇರೆ ಇಲ್ಲ.

ಕಂಪ್ಯೂಟರಿನಲ್ಲಿ ಕೂರಿಸುವವರಿಗೆ ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶ ಉಚಿತ, ಈ ಕೆಲಸಕ್ಕೆ ಸಾಕು. ನಕಾಶೆಯನ್ನು ನೆಲಕ್ಕೆ ಹೊಂದಿಸುವ ಅದರ ಜಿಯೋರೆಫರೆನ್ಸರಿನಲ್ಲಿ ಗ್ರಾಮ ನಕಾಶೆ ತೆರೆದು ಕನಿಷ್ಠ ಎಂಟು ಬಿಂದು ಕೊಡಿ, ನಾಲ್ಕು ಮೂಲೆಗೂ ನಡುವಿಗೂ ಹಂಚಿ. ಕೆರೆ ಏರಿಯ ಎರಡು ತುದಿ, ಹಳೆ ದೇವಸ್ಥಾನ, ಮೂರು ಗ್ರಾಮ ಸೇರುವ ತ್ರಿಸೀಮೆ ಕಲ್ಲು ಒಳ್ಳೆಯ ಬಿಂದುಗಳು. ಹಳ್ಳದ ತಿರುವು ಕೆಟ್ಟ ಬಿಂದು, ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ರಸ್ತೆಯ ತಿರುವೂ ಅಷ್ಟೆ, ಅಗಲ ಮಾಡುವಾಗ ನೇರ ಮಾಡಿರುತ್ತಾರೆ. ರೂಪಾಂತರದಲ್ಲಿ ಪಾಲಿನೋಮಿಯಲ್ 1 ಸಾಕು. ಥಿನ್ ಪ್ಲೇಟ್ ಸ್ಪ್ಲೈನ್ ಕೊಟ್ಟರೆ ಎಲ್ಲ ಬಿಂದುವೂ ಸೊನ್ನೆ ದೋಷ ತೋರಿಸುತ್ತದೆ, ತಪ್ಪು ಬಿಂದುವನ್ನೂ ಎಳೆದು ಕೂರಿಸಿ ನಕಾಶೆಯನ್ನೇ ತಿರುಚಿರುತ್ತದೆ, ಆ ಸೊನ್ನೆಗೆ ಮರುಳಾಗಬೇಡಿ. ಸರಾಸರಿ ದೋಷ ಹದಿನೈದು ಮೀಟರಿನೊಳಗೆ ಬಂದರೆ ಮಲೆನಾಡಿಗೆ ಒಳ್ಳೆಯದೇ. ಒಂದೇ ಬಿಂದು ಮೂವತ್ತು ನಲವತ್ತು ತೋರಿಸಿದರೆ ಅಲ್ಲಿ ಗುರುತು ಹಿಡಿದದ್ದೇ ತಪ್ಪು. ಹಳೆ ಟೋಪೋಶೀಟಿಗೆ ಮೂಲೆಯ ಅಕ್ಷಾಂಶ ರೇಖಾಂಶ ಇರುವುದರಿಂದ ಕೆಲಸ ಸುಲಭ ಅನಿಸುತ್ತದೆ, ಆದರೆ ಅವು ಭೂಮಿಯ ಆಕಾರಕ್ಕೆ ಹಿಂದೆ ಹಿಡಿಯುತ್ತಿದ್ದ ಎವರೆಸ್ಟ್ ಗೋಳಾಭದ ಲೆಕ್ಕದವು. ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂದುಕೊಂಡು ಹಾಕಿದರೆ ನಮ್ಮ ಭಾಗದಲ್ಲಿ ನೂರೈವತ್ತು ಇನ್ನೂರು ಮೀಟರ್ ಪಕ್ಕಕ್ಕೆ ಬೀಳುತ್ತದೆ. ಕಲ್ಯಾಣ್‌ಪುರ 1975 ಎಂಬ ಆಯ್ಕೆ (ಸಂಖ್ಯೆ 4146) ಕೊಟ್ಟು ಆಮೇಲೆ ಪರಿವರ್ತಿಸಿ.

ನಕಾಶೆಗೆ ಜೊತೆಯಾಗಿ ಓದಬೇಕಾದದ್ದು ಶಾಸನ ಸಂಪುಟ. ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳು (1902, 1904) ಶಿವಮೊಗ್ಗ ಜಿಲ್ಲೆಯವು, ತಾಲ್ಲೂಕುವಾರು, ಊರುವಾರು ಜೋಡಿಸಿದವು. ಸೊರಬ, ಸಾಗರ, ನಗರ, ತೀರ್ಥಹಳ್ಳಿ 8ರಲ್ಲಿ. ಹೊಸನಗರದವರು ನಗರ ತಾಲ್ಲೂಕಿನ ಕೆಳಗೆ ಹುಡುಕಬೇಕು. 7ರಲ್ಲಿರುವ ಹೊನ್ನಾಳಿ, ಚನ್ನಗಿರಿ 1997ರಿಂದ ದಾವಣಗೆರೆ ಜಿಲ್ಲೆಯಲ್ಲಿವೆ. ದಾನಶಾಸನದಲ್ಲಿ ಹೇಳಿದ ಚತುಃಸೀಮೆಯನ್ನು ಗ್ರಾಮ ನಕಾಶೆಯ ಮೇಲೆ ಗುರುತಿಸಲು ಹೊರಟರೆ ಕೆರೆ, ಹಳ್ಳ, ಬಂಡೆಗಳು ಒಂದೊಂದಾಗಿ ಸಿಗತೊಡಗುತ್ತವೆ. ದಾನ ಕೊಟ್ಟ ನೆಲದ ಗಡಿಗೆ ನೆಟ್ಟ ಲಿಂಗಮುದ್ರೆ, ವಾಮನಮುದ್ರೆ ಕಲ್ಲುಗಳು ಇಂದಿಗೂ ಗ್ರಾಮದ ಗಡಿಯ ಆಸುಪಾಸಿನಲ್ಲಿ ನಿಂತಿರುವುದುಂಟು. ಕಲ್ಲು ಕಂಡಲ್ಲಿ ಕೀಳಬೇಡಿ, ತಿರುಗಿಸಬೇಡಿ, ಅದು ನಿಂತ ಜಾಗವೇ ಅದರ ಅರ್ಧ ಬರಹ.

ನೆಲಕ್ಕಿಳಿಯಲು ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಮಳೆಗಾಲದಲ್ಲಿ ಇಂಬಳ, ದರೆ ಕುಸಿತ. ಮೊದಲ ಮಳೆ ಬಿದ್ದ ಮೇಲೆ ಹುಲ್ಲು ಬೆಳೆದು ಅಗಳ (ಕಂದಕ), ಏರಿ ಎರಡೂ ಮುಚ್ಚಿಹೋಗುತ್ತವೆ. ಶರಾವತಿ ಕಣಿವೆ, ಶೆಟ್ಟಿಹಳ್ಳಿಯಂಥ ಅಭಯಾರಣ್ಯದೊಳಗಿನ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬಾರದು. ಊರಿನ ಹಿರಿಯರ ಮುಂದೆ ನಕಾಶೆ ಹರಡಿದಾಗ ಸರ್ವೆ ನಂಬರು ಹೇಳಿದರೆ ಅವರಿಗೆ ಹತ್ತುವುದಿಲ್ಲ. ಕೆರೆ, ಹಳ್ಳ, ದೇವರಬನ ತೋರಿಸಿ, "ಅಜ್ಜಾ, ಇದರ ಕೆಳಗಿನ ಗದ್ದೆಗೆ ಏನಂತಿದ್ರಿ?" ಎಂದು ಕೇಳಿ. ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಅವನ್ನು ಆಗಲೇ ಆಯಾ ನಂಬರಿನೊಳಗೆ ಪೆನ್ಸಿಲಿನಲ್ಲಿ ಬರೆಯಿರಿ, ಹೇಳಿದವರ ಉಚ್ಚಾರಣೆಯಲ್ಲೇ. ಯಾವ ಸರ್ಕಾರಿ ನಕಾಶೆಯಲ್ಲೂ ಈ ಹೆಸರುಗಳಿಲ್ಲ.

ಒಂದು ಎಚ್ಚರಿಕೆ. ನಕಾಶೆ ಹಿಡಿದು ತೋಟದ ಬೇಲಿ ಪಕ್ಕ ನಿಂತವರನ್ನು ಕಂಡರೆ ಜಮೀನಿನ ತಕರಾರು ಎಂದೇ ಜನ ಭಾವಿಸುತ್ತಾರೆ, ಮೊದಲೇ ಹೋಗಿ ವಿಷಯ ಹೇಳಿಬಿಡುವುದು ವಾಸಿ. ಯಾರಾದರೂ ತಮ್ಮ ಗಡಿ ಎಲ್ಲಿ ಬರುತ್ತದೆ ಹೇಳಿ ಎಂದು ಕೇಳಿದರೆ ಗ್ರಾಮ ನಕಾಶೆಯಿಂದಲೋ ದಿಶಾಂಕ್‌ನಿಂದಲೋ ಉತ್ತರ ಕೊಡಬೇಡಿ. ಅದಕ್ಕೆ ಪ್ರತಿ ನಂಬರಿನ ಮೂಲ ಅಳತೆ ಬರೆದಿಟ್ಟ ಟಿಪ್ಪಣಿಯ ಸರಪಳಿ-ಆಣೆ ಅಳತೆ ಬೇಕು, ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ (ಗಡಿ ಗುರುತಿಸಲು) ಅರ್ಜಿ ಹಾಕಿದರೆ ಸರ್ವೆಯರ್ ಬಂದು ಕಲ್ಲು ತೋರಿಸುತ್ತಾರೆ.